ಮಾತಾಡದವನಿಗೆ ಅಪ್ಪಯ್ಯ ಕೊಟ್ಟ ಮಾತು

ಅಪ್ಪಯ್ಯ ಮುಂಬಯಿಯ ಒಂದು ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಬಸ್ರೂರಿನ ಮನೆಗೆ ಬರುವಾಗ ಅವರ ಚೀಲದ ತಳದಲ್ಲಿ ಫುಟ್‌ಪಾತಿನಿಂದ ಕೊಂಡ ಹಳೆಯ ಇಂಗ್ಲಿಷ್ ಕಾಮಿಕ್ಸ್‌ಗಳ ಒಂದು ಕಟ್ಟು ಇರುತ್ತಿತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಚಿತ್ರ ಲಾಯ್ಕ್ ಕಂಡ್ತ್, ತಕಂಡ್ ಬಂದೆ. ಓದುಕಾತ್ತಾ ಕಾಣ್" ಎಂದು ನನ್ನ ಕೈಗೆ ಕೊಟ್ಟು, ಬಟ್ಟೆ ಬದಲಾಯಿಸಿ, ಆ ಸಂಜೆಯೇ ಊರಿನ ತಾಳಮದ್ದಳೆ ಕೂಟಕ್ಕೆ ಹೊರಟುಬಿಡುತ್ತಿದ್ದರು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುವ, ಅಂದರೆ ಅರ್ಥ ಹೇಳುವ, ಆ ಕಲೆಯ ಹುಚ್ಚು ಅವರಿಗೆ. ರಜೆಯ ದಿನಗಳಷ್ಟೂ ಅದಕ್ಕೇ ಮೀಸಲು.

ನನ್ನ ಹುಚ್ಚು ಆ ಕಟ್ಟಿನೊಳಗಿತ್ತು. ಅದರಲ್ಲಿ ಹೆಚ್ಚಿನವು ಒಬ್ಬನೇ ನಾಯಕನ ಕಥೆಗಳು. ದೊಡ್ಡ ಬಂದರು ನಗರ, ಬೂದು ಕೋಟು, ಕಣ್ಣು ಮಾತ್ರ ಕಾಣುವ ಮುಖವಾಡ. ಹಾರುವ ಶಕ್ತಿ ಅವನಿಗಿಲ್ಲ, ಬೆಂಕಿ ಉಗುಳುವುದೂ ಇಲ್ಲ. ಆ ನಗರದಲ್ಲಿ ಯಾರು ಎಲ್ಲಿಂದ "ಕಾಪಾಡಿ" ಎಂದು ಕೂಗಿದರೂ ಅವನಿಗೆ ಕೇಳಿಸುತ್ತದೆ, ಅಷ್ಟೆ. ಉಳಿದದ್ದೆಲ್ಲ ಓಟ. ನಮ್ಮ ಕಡೆ ಕಿವಿಗೆ ಕೆಮಿ ಅನ್ನುತ್ತೇವೆ. ಹಾಗಾಗಿ ಮನೆಯಲ್ಲಿ ಅವನ ಹೆಸರು ಕೆಮಿಯವ. ನಿಜವಾದ ಹೆಸರನ್ನು ನಾವು ಬಳಸಿದ್ದೇ ಕಡಿಮೆ.

ನಾನೀಗ ಬ್ರಹ್ಮಾವರದಲ್ಲಿ ಒಂದು ಮೆಡಿಕಲ್ ಶಾಪ್ ನಡೆಸುತ್ತೇನೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಮೊಬೈಲಿನಲ್ಲಿ ಕೆಮಿಯವನ ಹೊಸ ಸಂಚಿಕೆ ಓದುತ್ತೇನೆ. ಹೌದು, ಅವನ ಕಥೆ ಇನ್ನೂ ಬರುತ್ತಿದೆ. ನಾನು ಹುಟ್ಟುವ ಮೊದಲೇ ಶುರುವಾದದ್ದು, ನನ್ನ ಕೂದಲು ಬೆಳ್ಳಗಾಗುತ್ತಿರುವಾಗಲೂ ನಿಂತಿಲ್ಲ. ಬರೆಯುವವರು ಬದಲಾಗುತ್ತಾರೆ, ಅವನು ಉಳಿಯುತ್ತಾನೆ. ಚಿಕ್ಕಂದಿನಲ್ಲಿ ನಾನು ಬರೆದವರ ಹೆಸರು ನೋಡುತ್ತಲೇ ಇರಲಿಲ್ಲ. ಆದರೂ ಕೆಲವು ಕಥೆಗಳಲ್ಲಿ ಅವನು ಬೇರೆಯೇ ಮನುಷ್ಯ ಎಂದು ಅನ್ನಿಸುತ್ತಿತ್ತು. ಮುಖವಾಡ ಅದೇ, ಒಳಗೆ ಬೇರೆ ಯಾರೋ. ಹೈಸ್ಕೂಲಿಗೆ ಬಂದಾಗ ಒಂದು ದಿನ ಕಟ್ಟನ್ನೆಲ್ಲ ಹರಡಿ, ಬರೆದವರ ಹೆಸರಿನ ಪ್ರಕಾರ ಬೇರೆ ಬೇರೆ ಇಟ್ಟೆ. ಆಗ ತಿಳಿಯಿತು, ನನ್ನ ಅನುಮಾನ ಸರಿಯಾಗಿತ್ತು.

ಎರಡು ವರ್ಷಗಳ ಹಿಂದೆ ಕಾಲೇಜಿನ ಗೆಳತಿಯೊಬ್ಬಳು ನನ್ನನ್ನು ಕುಂದಾಪುರದ ಒಂದು ಓದುಗರ ಬಳಗಕ್ಕೆ ಕರೆದುಕೊಂಡು ಹೋದಳು. ಅವಳು ಬೈಂದೂರಿನಲ್ಲಿ ಉಪನ್ಯಾಸಕಿ, ಬಳಗ ನಡೆಸುವವಳೂ ಅವಳೇ. ತಿಂಗಳಿಗೊಂದು ಭಾನುವಾರ ಸೇರುವುದು, ಒಬ್ಬೊಬ್ಬರು ಒಂದು ಪುಸ್ತಕದ ಬಗ್ಗೆ ಮಾತಾಡುವುದು. ನನ್ನ ಸರದಿ ಬಂದಾಗ, ಬದುಕಿನಲ್ಲಿ ಅತಿ ಹೆಚ್ಚು ಕಾಲ ಓದಿದ್ದು ಒಂದು ಕಾಮಿಕ್ಸ್, ಅದರ ಬಗ್ಗೆಯೇ ಮಾತಾಡುತ್ತೇನೆ ಎಂದೆ. ಯಾರೂ ನಗಲಿಲ್ಲ. ಆದರೆ ಒಂದು ಗಳಿಗೆ ಎಲ್ಲರೂ ಚಹಾದ ಲೋಟ ನೋಡಿಕೊಂಡರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಮೆತ್ತಗೆ, "ಅದ್ ಮಕ್ಳ್ ಪುಸ್ತಕ ಅಲ್ದಾ?" ಎಂದು ಕೇಳಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಆದ್ದರಿಂದಲೇ ನನಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದವಳು ಅಪ್ಪಯ್ಯನ ಮುಂದೆ ಅದನ್ನೇ ಹೇಳಿದೆ. ಅವರು ಮುಂಬಯಿ ಬಿಟ್ಟು ಬಂದು ಬಹಳ ಕಾಲವಾಗಿದೆ. ಜಗಲಿಯಲ್ಲಿ ಕುಳಿತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು.

"ನಾ ತಂದ್ ಕೊಟ್ಟ ಪುಸ್ತಕದಲ್ಲಿ ಎಂತ ಇತ್ತ್ ಅಂತೇಳಿ ನಂಗೇ ಗೊತ್ತಿಲ್ಲೆ. ಹೇಳ್ ಕಾಂಬ" ಎಂದರು.

ಅಷ್ಟು ವರ್ಷಗಳಲ್ಲಿ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾನು ಬಾವಿಯ ಕಥೆ ಆರಿಸಿಕೊಂಡೆ. ಕೆಮಿಯವನ ಹಳೆಯ ಸಾಹಸಗಳಲ್ಲಿ ಅದೂ ಒಂದು. ಮೂವರು ಲೇಖಕರು ಮೂರು ಕಾಲದಲ್ಲಿ ಅದನ್ನೇ ಬರೆದಿದ್ದಾರೆ.

ಮೊದಲ ಲೇಖಕ ಅದನ್ನು ಒಂದೇ ಪುಟದಲ್ಲಿ ಮುಗಿಸಿದ್ದ. ಬಾವಿಗೆ ಬಿದ್ದ ಹುಡುಗಿ ಕೂಗುತ್ತಾಳೆ, ಇವನು ಓಡುತ್ತಾನೆ, ಇಳಿಯುತ್ತಾನೆ, ಎತ್ತುತ್ತಾನೆ. ಒಂದು ಮಾತಿಲ್ಲ. ಆ ಲೇಖಕ ಬರೆದಷ್ಟು ಕಾಲವೂ ಕೆಮಿಯವ ಬಾಯಿ ತೆರೆದದ್ದಿಲ್ಲ. ಎರಡನೆಯವನು ಅದೇ ಕಥೆಯನ್ನು ಇಡೀ ಪುಸ್ತಕ ಮಾಡಿದ. ಹುಡುಗಿ ಕೂಗಿದ ಗಳಿಗೆಯಲ್ಲೇ ನಗರದ ಇನ್ನೊಂದು ತುದಿಯಲ್ಲಿ ಒಬ್ಬ ಮುದುಕನೂ ಕೂಗಿದ್ದ. ಕೆಮಿಯವ ಹುಡುಗಿಯ ಕಡೆ ಓಡಿದ, ಮುದುಕ ಸತ್ತ. ಅಲ್ಲಿಂದ ಮುಂದೆ ಆ ಸದ್ದು ಅವನ ಕಿವಿ ಬಿಡುವುದಿಲ್ಲ. ಈ ಲೇಖಕನ ಕೈಯಲ್ಲಿ ಅವನು ಪುಟಗಟ್ಟಲೆ ತನ್ನೊಳಗೇ ಮಾತಾಡಿಕೊಳ್ಳುತ್ತಾನೆ. ಮೂರನೆಯದು ಒಬ್ಬ ಹೆಂಗಸು ಬರೆದದ್ದು. ಅವಳು ಕಥೆಯನ್ನು ಬಾವಿಯ ಒಳಗಿನಿಂದ, ಆ ಹುಡುಗಿಯ ಕಣ್ಣಿನಿಂದ ಹೇಳಿದಳು. ಕೆಮಿಯವ ಬರುವ ಮೊದಲೇ ಕೇರಿಯ ಹೆಂಗಸರು ಬಟ್ಟೆಗೆ ಬಟ್ಟೆ ಗಂಟು ಹಾಕಿ ಬಾವಿಗೆ ಇಳಿಬಿಟ್ಟಿದ್ದರು. ಅವನು ಬಂದು ಮಾಡಿದ್ದು ಇಷ್ಟೇ, ಅವರ ಹಿಂದೆ ನಿಂತು ಅದರ ಕೊನೆ ಹಿಡಿದು ಎಳೆದ.

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುವುದನ್ನೇ ಮರೆತಿದ್ದರು.

"ಒಂದೇ ಪಾತ್ರ, ಮೂರ್ ಜನ ಅರ್ಥ ಹೇಳಿದ್ರ್" ಎಂದರು. "ಇದ್ರಲ್ಲಿ ಮಕ್ಳಾಟ ಎಂತ ಬಂತ್? ಇದ್ ಕೂಟದಲ್ಲಿ ಕೂಕಂಡ್ ಮಾತಾಡುವಂಥದ್ದೇ."

"ಹಂಗಾರೆ ನೀವೇ ಬನಿ, ಮಾತಾಡಿ."

ನಾನು ಹೇಳಿದ್ದು ತಮಾಷೆಗೆ. ಅವರು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. "ಬತ್ತೆ. ಆದ್ರೆ ಎದ್ರಿಗೆ ನೀನೇ ಕೂಕಣ್ಕ್."

"ನಾನಾ? ನಂಗೆ ಕೂಟದಲ್ಲಿ ಕೂಕಂಡ್ ಗೊತ್ತಿಲ್ಲೆ ಅಪ್ಪಯ್ಯ."

"ಎಂತಕೆ, ಬಾಯಿ ಇಲ್ಯಾ ನಿಂಗೆ?"

ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ನನಗಿಂತ ಉತ್ಸಾಹ. ಎರಡನೆಯ ಲೇಖಕನ ಕೆಮಿಯವ ತನಗಿರಲಿ ಎಂದಳು. ಮೂರನೆಯದು ನನಗೆ. ಅಪ್ಪಯ್ಯನಿಗೆ ಉಳಿದದ್ದು ಮೊದಲಿನವ. ಊರಿನ ಕೂಟದಲ್ಲಿ ಅವರು ಮಾತಿಗೆ ಶುರುವಿಟ್ಟರೆ ಹಾಡುವ ಭಾಗವತರೇ ಮುಂದಿನ ಪದ ಎತ್ತಿ ಅವರನ್ನು ನಿಲ್ಲಿಸಬೇಕು. ಅಂಥವರಿಗೆ ಬಾಯಿ ತೆರೆಯದ ಪಾತ್ರ. ಬೇಕಾದರೆ ಬದಲಾಯಿಸೋಣ ಎಂದೆ.

"ನಂಗೆ ಅವನೇ ಆಯ್ಕ್" ಎಂದರು. "ಮಾತಾಡುವವನಿಗೆ ಅರ್ಥ ಯಾರ್ ಬೇಕಾರೂ ಹೇಳ್ತ್ರ್."

ಆಮೇಲಿನ ವಾರಗಳಲ್ಲಿ ಅಂಗಡಿಯಿಂದ ಬಂದ ಮೇಲೆ ನನಗೆ ಅದೇ ಕೆಲಸ. ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತೆಗೆದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದು. ಮೊದಲ ಲೇಖಕನ ಸಂಚಿಕೆಗಳಲ್ಲಿ ನನಗೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅಪ್ಪಯ್ಯ ಕನ್ನಡಕ ಹಾಕಿ ಆ ಚಿತ್ರಗಳನ್ನು ತುಂಬ ಹೊತ್ತು ನೋಡುತ್ತಿದ್ದರು. ಒಮ್ಮೆ ಕೇಳಿದರು, "ಇವ ಯಾರನ್ನೂ ಎತ್ತಿದ್ ಮೇಲೆ ಅಲ್ಲಿ ನಿಂತ್ಕಣುದಿಲ್ಲ ಅಲ್ದಾ?" ನಾನು ಪುಟ ಮಗುಚಿ ನೋಡಿದೆ. ಹೌದು, ಯಾವ ಕಥೆಯ ಕೊನೆಯ ಚಿತ್ರದಲ್ಲೂ ಅವನಿಲ್ಲ. ಇಷ್ಟು ವರ್ಷ ಓದಿಯೂ ನಾನು ಗಮನಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಬಳಗದವರು ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಗೆಳತಿ ಬೈಂದೂರಿನಿಂದ ತನ್ನ ವಿದ್ಯಾರ್ಥಿನಿಯರನ್ನೂ ಕರೆತಂದಿದ್ದಳು. ಭಾಗವತರಿಲ್ಲ, ಮದ್ದಳೆಯಿಲ್ಲ, ಮೂರು ಕುರ್ಚಿ ಮಾತ್ರ. ಅಪ್ಪಯ್ಯ ಬಿಳಿ ಪಂಚೆ ಉಟ್ಟು ಶಾಲು ಹೊದ್ದು ಬಂದಿದ್ದರು. ಬ್ಯಾಂಕ್ ಮ್ಯಾನೇಜರ್ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾನು ಮೂರು ಬಾವಿಯ ಕಥೆಗಳನ್ನು ಚಿಕ್ಕದಾಗಿ ಹೇಳಿ ಕುಳಿತೆ.

ಗೆಳತಿ ಶುರು ಮಾಡಿದಳು. "ಒಂದೇ ಗಳಿಗೆಯಲ್ಲಿ ಇಬ್ಬರು ಕೂಗಿದರು. ನೀನು ಒಬ್ಬರ ಕಡೆ ಓಡಿದೆ. ಇನ್ನೊಬ್ಬನ ಸಾವು ನಿನಗೆ ಭಾರವಾಗಲಿಲ್ಲವೇ? ನಿನಗೆ ಕಿವಿಯಿದೆ, ಎದೆಯಿಲ್ಲವೇ?"

ಅಪ್ಪಯ್ಯ ನೆಟ್ಟಗೆ ಕುಳಿತರು. ಸಭೆಯನ್ನು ಒಮ್ಮೆ ನೋಡಿ, ಕೂಟದಲ್ಲಿ ಬಳಸುವ ಆ ಪುಸ್ತಕದ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು. "ಅಳುವುದಕ್ಕೆ ನಿಂತರೆ ಮೂರನೆಯ ಕೂಗು ಕೇಳಿಸದೆ ಹೋಗುತ್ತದೆ. ಮನುಷ್ಯ ಕೆಲಸ ಮುಗಿಸಿ ಅಳುತ್ತಾನೆ. ನನ್ನ ಕೆಲಸ ಮುಗಿಯುವುದಿಲ್ಲ. ಮಾತಿಗೂ ಅದೇ ಕಾರಣ. ನಾನು ಬಾಯಿ ತೆರೆದರೆ ನನ್ನ ದನಿಯೇ ನನ್ನ ಕಿವಿಗೆ ಅಡ್ಡ ಬರುತ್ತದೆ. ಎದೆಯಿಲ್ಲವೆಂದಲ್ಲ ತಾಯೀ, ಬಿಡುವಿಲ್ಲ."

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಅಷ್ಟು ದೊಡ್ಡ ನಗರದಲ್ಲಿ ಅಷ್ಟು ಕಾಲ ಮಾತಿಲ್ಲದೆ ಓಡಿದವನಿಗೆ, ಅವನ ಭಾಷೆಯೇ ಬಾರದ ನನ್ನ ಅಪ್ಪಯ್ಯ ಕುಂದಾಪುರದ ಒಂದು ಕೋಣೆಯಲ್ಲಿ ಕಾರಣ ಕೊಟ್ಟಿದ್ದರು. ಗೆಳತಿ ನಕ್ಕು ಕೈಮುಗಿದಳು. ಈಗ ಎಲ್ಲರ ಕಣ್ಣು ನನ್ನ ಮೇಲೆ.

"ನೀನು ಓಡಿದ್ದನ್ನು ನಾನು ಅಲ್ಲಗಳೆಯುವುದಿಲ್ಲ" ಎಂದೆ. "ಆದರೆ ಆ ಕೂಗು ಪಕ್ಕದ ಮನೆಯವರಿಗೂ ಕೇಳಿಸಿತ್ತು. ನೀನು ಬರುತ್ತೀಯೆಂದು ಅವರು ಬಾಗಿಲು ತೆರೆಯಲಿಲ್ಲ. ಇದಕ್ಕೇನು ಹೇಳುತ್ತೀ?"

"ಅವರು ತೆರೆಯುವುದಿಲ್ಲವೆಂದು ಗೊತ್ತಿದ್ದೇ ನಾನು ಓಡಿದೆ."

"ಅವರು ತೆರೆಯುವವರೆಗೆ ನೀನು ಎಂದಾದರೂ ಕಾದು ನೋಡಿದ್ದೀಯಾ?"

"ಕಾಯುವಷ್ಟರಲ್ಲಿ ಬಾವಿಯಲ್ಲಿದ್ದವಳು ಮುಳುಗುತ್ತಾಳೆ."

"ನಾನಿರುವ ಕಥೆಯಲ್ಲಿ ಅವಳು ಮುಳುಗಲಿಲ್ಲ. ಕೇರಿಯ ಹೆಂಗಸರು ಬಟ್ಟೆ ಗಂಟು ಹಾಕಿದರು. ನಿನ್ನ ಕಥೆಯಲ್ಲಿ ಆ ಹೆಂಗಸರು ಎಲ್ಲಿದ್ದರು? ಅವರು ಇರಲೇ ಇಲ್ಲವೋ, ನಿಲ್ಲದೆ ಹೋದದ್ದಕ್ಕೆ ನಿನಗೆ ಕಾಣಿಸಲಿಲ್ಲವೋ?"

ಅಪ್ಪಯ್ಯ ಶಾಲು ಸರಿಮಾಡಿಕೊಂಡರು. ಅದು ಅವರು ಯೋಚಿಸುವ ಹೊತ್ತು ಎಂದು ನನಗೆ ಗೊತ್ತು. "ಹಾಗಾದರೆ ನಾನು ಓಡಿದ್ದು ತಪ್ಪೋ?" ಎಂದು ಕೇಳಿದರು.

ಎದುರಿಗಿದ್ದುದು ಪಾತ್ರ, ಆದರೆ ಕೇಳಿದ ದನಿ ಮನೆಯದು. ಮನೆಯಲ್ಲಿ ಕಷ್ಟವೆಂದು ಪತ್ರ ಹೋದಾಗಲೆಲ್ಲ, ರಜೆಯಲ್ಲದಿದ್ದರೂ ಮುಂಬಯಿಯಿಂದ ಓಡಿ ಬಂದು, ಆಗಬೇಕಾದ್ದನ್ನು ಮಾಡಿ, ನಾವು ಸಂತೋಷಪಡುವುದನ್ನು ನೋಡಲು ನಿಲ್ಲದೆ ಬಸ್ಸು ಹತ್ತಿದ ಮನುಷ್ಯ ಅವರು. ನಾನು ಏನೂ ಯೋಚಿಸದೆ ಬಾಯಿಗೆ ಬಂದದ್ದು ಹೇಳಿದೆ.

"ತಪ್ಪಲ್ಲ. ನೀನು ಓಡಿದ್ದರಿಂದಲೇ, ಕೂಗಿದರೆ ಓಡಬೇಕು ಎಂಬುದು ಈ ಊರಿಗೆ ಗೊತ್ತಾಯಿತು. ನಿನ್ನ ನಂತರ ಬಂದವಳು ನಾನು. ಅದಕ್ಕೇ ನನಗೆ ನಿಲ್ಲುವುದಕ್ಕೆ ಸಾಧ್ಯವಾಯಿತು."

ಬಂದವಳು ಎಂದದ್ದು ನನಗೇ ಕೇಳಿಸಿತು. ಕೆಮಿಯವ ಗಂಡಸು. ಹಿಂದೆ ಕುಳಿತ ವಿದ್ಯಾರ್ಥಿನಿಯರಲ್ಲಿ ಯಾರೋ ಕಿಸಕ್ಕೆಂದರು. ನಾನು "ಬಂದವನು" ಎಂದು ತಿದ್ದಲು ಹೊರಟೆ.

ಅಪ್ಪಯ್ಯ ಕೈ ಎತ್ತಿ ತಡೆದರು. "ತಿದ್ದಬೇಡ" ಎಂದರು, ಇನ್ನೂ ಪಾತ್ರದ ದನಿಯಲ್ಲೇ. "ನಿನ್ನನ್ನು ಬರೆದವಳು ಹೆಂಗಸು. ಬಾವಿಯ ಒಳಗಿನಿಂದ ಮೇಲೆ ನೋಡಿದವಳು ಹೆಂಗಸು. ಬಂದವಳೇ ಇರಲಿ. ನಾನು ಎತ್ತಿದ ಹುಡುಗಿ ದೊಡ್ಡವಳಾಗಿ ಎದುರು ಕುಳಿತು ಮಾತಾಡುತ್ತಿದ್ದಾಳೆಂದು ತಿಳಿಯುತ್ತೇನೆ. ಇನ್ನು ನನಗೆ ಹೇಳುವುದಕ್ಕಿಲ್ಲ."

ಅಲ್ಲಿಗೆ ಕೂಟ ಮುಗಿಯಿತು. ನನ್ನ ಎಡವಿದ ಮಾತನ್ನು ಅವರು ಅರ್ಥವಾಗಿ ಮಾಡಿ ಹಿಂದಿರುಗಿಸಿದ್ದರು. ನನಗೆ ಆ ದಿನ ಎಷ್ಟು ಹೆಮ್ಮೆಯೆನ್ನಿಸಿತೆಂದರೆ, ಚಹಾ ಕೊಟ್ಟವರಿಗೆ ಬೇಡವೆಂದೂ ಹೇಳಲಾಗದೆ ಎರಡೆರಡು ಲೋಟ ಹಿಡಿದುಕೊಂಡು ನಿಂತಿದ್ದೆ.

ಬ್ಯಾಂಕ್ ಮ್ಯಾನೇಜರ್ ಹತ್ತಿರ ಬಂದು ಮೂರೂ ಬಾವಿಯ ಸಂಚಿಕೆಗಳನ್ನು ಓದಲು ಕೇಳಿ ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಅವುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ತಂದುಕೊಟ್ಟರು. ಎರಡನೆಯವನದೇ ಶ್ರೇಷ್ಠ ಎಂಬುದು ಅವರ ತೀರ್ಮಾನ. ನಾನು ಒಪ್ಪಲಿಲ್ಲ. ಈಗಲೂ ಸಿಕ್ಕಾಗೆಲ್ಲ ನಮ್ಮಿಬ್ಬರಿಗೆ ಅದೇ ವಾದ.

ಕೂಟದ ಆ ಸಂಜೆ ಬಸ್ರೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಅಪ್ಪಯ್ಯನನ್ನು ಕೇಳಿದೆ. "ನಿಜ ಹೇಳಿ. ಮಗಳ್ ಅಂತೇಳಿ ಬಿಟ್ಕೊಟ್ರ್ಯಾ?"

"ಕೂಟದಲ್ಲಿ ಕೂಕಂಡ್ ಮೇಲೆ ಅಪ್ಪನೂ ಇಲ್ಲೆ, ಮಗ್ಳೂ ಇಲ್ಲೆ. ನಂಗೆ ಮಾತ್ ಸಿಕ್ಲಿಲ್ಲ, ಸುಮ್ನಾದೆ."

"ಸಿಕ್ಕಿರೆ?"

"ಸಿಕ್ಕಿರೆ ಬಿಡ್ತಿದ್ನಾ?" ಎಂದು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸೀಟಿನ ಪರಿಚಯದವರೊಬ್ಬರು ಎಲ್ಲಿಗೆ ಹೋಗಿದ್ದಿರಿ ಎಂದು ವಿಚಾರಿಸಿದರು. "ಕೂಟ ಇದ್ದಿತ್ತ್" ಎಂದರು ಅಪ್ಪಯ್ಯ. "ನಂದ್ ಮತ್ತೆ ಇವ್ಳದ್ದ್. ಇವ್ಳ್ ಗೆದ್ಲ್." ದನಿಯನ್ನು ಬಸ್ಸಿನ ಸದ್ದಿಗಿಂತ ಮೇಲೆಯೇ ಇಟ್ಟಿದ್ದರು.

ಸುದ್ದಿ ಅವರ ಸ್ನೇಹಿತರಿಗೆಲ್ಲ ತಲುಪಿತು. ಕೊಕ್ಕರ್ಣೆಯ ಒಂದು ಶಾಲೆಯವರು ಕರೆದರು, ಹೋಗಿ ಬಂದೆವು. ಅಲ್ಲಿ ಮಕ್ಕಳು ಕೆಮಿಯವನನ್ನು ಬಿಟ್ಟು ಬಾವಿಯ ಹೆಂಗಸರ ಬಗ್ಗೆಯೇ ಕೇಳಿದರು. ಊರಿನ ಸಂಘದ ಭಾಗವತರು ಈಗ ನನ್ನನ್ನು ಮಾಮೂಲಿ ಕೂಟಕ್ಕೂ ಕೂರಿಸುತ್ತಾರೆ. ಪುರಾಣದ ಸಣ್ಣ ಪಾತ್ರಗಳು, ಇನ್ನೂ ಕಲಿಯುತ್ತಿದ್ದೇನೆ.

ಈ ವರ್ಷ ಕೆಮಿಯವನನ್ನು ಬರೆಯಲು ಹೊಸಬನೊಬ್ಬ ಬಂದಿದ್ದಾನೆ. ಚುರುಕಾಗಿ ಬರೆಯುತ್ತಾನೆ, ಪುಟಕ್ಕೊಂದು ಹೊಡೆದಾಟ, ಮಾತಿಗೊಂದು ಜೋಕು. ಮೊದಲ ಸಂಚಿಕೆ ಬಂದ ದಿನ ಅಪ್ಪಯ್ಯ ಬ್ರಹ್ಮಾವರಕ್ಕೆ ಕಣ್ಣಿನ ಪರೀಕ್ಷೆಗೆಂದು ಬಂದವರು ಅಂಗಡಿಯಲ್ಲೇ ಕುಳಿತಿದ್ದರು. ಕಣ್ಣಿಗೆ ಔಷಧ ಬಿಟ್ಟದ್ದರಿಂದ ಚಿತ್ರ ಮಸುಕು. ನಾನು ಚಿತ್ರವನ್ನೂ ಬಾಯಲ್ಲೇ ಹೇಳುತ್ತ ಇಡೀ ಸಂಚಿಕೆ ಓದಿ ಮುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಮಾತ್ ಬತ್ತ್ ಇವಂಗೆ" ಎಂದರು. "ಪಾತ್ರದ ಒಳ್ಗೆ ಇನ್ನೂ ಹೋಯ್ಲಿಲ್ಲ. ಅವಸರ ಬ್ಯಾಡ. ನಾಲ್ಕ್ ಸಂಚಿಕೆ ಕಾಂಬ."