ಅವ್ವನ ಹೆಸರಿನಲ್ಲಿ ಒಂದು ಕಾಗದ

ಕಳೆದ ತಿಂಗಳು, ತೀರಿಹೋದ ಹೆಂಗಸೊಬ್ಬಳ ಪರವಾಗಿ ನಾನು ಅವಳ ಮಗನಿಗೆ ಕಾಗದ ಬರೆದೆ. 'ನಾ ಆರಾಮ ಇದ್ದೀನಿ' ಅಂತ.

ಬೈಯುವ ಮುಂಚೆ ಪೂರ್ತಿ ಕೇಳಿ.

ಕಮಲಾಪುರದ ನಾಗಮ್ಮನ ಕಿರಿಯ ಮಗ ಶರಣು ನನ್ನ ಹಳೆಯ ವಿದ್ಯಾರ್ಥಿ. ಸೈನ್ಯದಲ್ಲಿದ್ದಾನೆ, ಈಗ ಶಾಂತಿಪಾಲನೆಗೆಂದು ಆಫ್ರಿಕಾಕ್ಕೆ ಹೋಗಿದ್ದಾನೆ. ನಾಗಮ್ಮನಿಗೆ ಓದು ಬಾರದು, ಕಿವಿಯೂ ಕೇಳದು. ಫೋನು ಯಾವ ಉಪಯೋಗಕ್ಕೆ? ಕಲಬುರಗಿಯಿಂದ ನಾನು ಹೋದಾಗಲೆಲ್ಲ ಆಕೆ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಕಾಗದದ ಜೊತೆಗೆ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. (ಕೆಂಪು ಬಾಳೆಹಣ್ಣನ್ನೂ ಕಳಿಸುವ ಹಠ ಆಕೆಯದು. ಅಲ್ಲಿ ಮುಟ್ಟುವಷ್ಟರಲ್ಲಿ ಹೆಂಡ ಆಗಿರುತ್ತದೆ ಎಂದು ಕೈಸನ್ನೆ ಮಾಡಿ ನಗಿಸಿದ್ದೆ.)

ಎದೆನೋವು ಅಂತ ಕೂತ ನಾಗಮ್ಮ ಮತ್ತೆ ಏಳಲಿಲ್ಲ. ಮೂರನೇ ದಿನ ಹೋದಾಗ ಹಿರಿಯ ಮಗ ಮಲ್ಲಪ್ಪ ನನ್ನನ್ನು ಬದಿಗೆ ಕರೆದ.

"ತಮ್ಮಗ ಹೇಳಿಲ್ರಿ ಸರ. ಮಣ್ಣಂತೂ ಆಗ್ಯದ. ಅಲ್ಲಿ ಬಂದೂಕ ಹಿಡಕೊಂಡು ಒಬ್ಬಾಂವನ ಹ್ಯಾಂಗ ತಡಕೊಂತಾನ? ಎರಡು ತಿಂಗಳಿಗೆ ಬರ್ತಾನ, ಆಗ ಹೇಳ್ತೀವಿ. ಅವನ ಜೋಡಿ ಅಲ್ಲೇ ಇರೋ ಗೆಳ್ಯಾ ರಜಾ ಮುಗಿಸಿ ನಾಳಿ ಕಲಬುರಗಿದಾಗ ರೈಲು ಹತ್ತತಾನ. ಡಬ್ಬಿ ಹೋಗ್ಲಿಲ್ಲಂದ್ರ ಸಂಶೆ ಬರ್ತದ. ಕಾಗದಾನೂ ಬರದು ಕೊಡ್ರಿ. ಅಕ್ಷರ ಹ್ಯಾಂಗೂ ನಿಮ್ವೇ ಅಲ್ರಿ."

ಅಕ್ಷರ ಹೇಗೂ ನನ್ನದೇ. ಇದಕ್ಕಿಂತ ಸಲೀಸಾದ ಮೋಸ ಉಂಟೇ? ಬರೆದೆ. ಒಂದು ಅಕ್ಷರವನ್ನೂ ಹೊಡೆದುಹಾಕಲಿಲ್ಲ, ಈಗ ನಾಚಿಕೆಯಾಗುವುದು ಅದಕ್ಕೇ. ಮರುದಿನ ಸ್ಟೇಷನ್ನಿನಲ್ಲಿ ಆ ಗೆಳೆಯನಿಗೆ ಡಬ್ಬಿ ಕೊಟ್ಟು, ಶಹಾಬಜಾರದ ನನ್ನ ಮನೆಗೆ ಬಂದು ಊಟ ಮಾಡಿದೆ.

ಮೊನ್ನೆ ಶರಣುವಿನ ವಾಟ್ಸಾಪ್ ಬಂತು.

"ಸರ, ಡಬ್ಬ್ಯಾಗ ಒಂದೊಂದು ರೊಟ್ಟಿ ಒಬ್ಬೊಬ್ಬರ ಕೈಯಿಂದು ಅದ. ಒಂದು ದಪ್ಪ, ಒಂದು ತೆಳ್ಳಗ, ಒಂದಕ್ಕ ಎಳ್ಳು. ಓಣ್ಯಾನವರು ರೊಟ್ಟಿ ಕೊಟ್ಟಾರಂದ್ರ ನಮ್ಮನ್ಯಾಗ ಒಲಿ ಹಚ್ಚಿಲ್ಲ. ಅಣ್ಣ, ವೈನಿ, ಹುಡುಗ್ರು ಎಲ್ಲಾರೂ ಫೋನಿನಾಗ ಸಿಕ್ಕಾರ, ಉಳಿದಾಕಿ ಅವ್ವ ಒಬ್ಬಾಕೀನೇ. ಅವ್ವ ಯಾವತ್ತು ಹೋದಳು, ಅಷ್ಟ ಹೇಳ್ರಿ."

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರೇ ರೊಟ್ಟಿ ತಂದಿಡುತ್ತಾರೆ. ಅವಸರದಲ್ಲಿ ಮಲ್ಲಪ್ಪನ ಹೆಂಡತಿ ಅವನ್ನೇ ಡಬ್ಬಿಗೆ ತುಂಬಿದ್ದಳು. ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಪರದೇಶದಲ್ಲಿ ಜೀವ ಒತ್ತೆಯಿಟ್ಟು ನಿಲ್ಲು ಅಂತ ಕಳಿಸುತ್ತೇವೆ. ಅಷ್ಟು ತಡೆಯುವವನು ಇದನ್ನು ತಡೆಯಲಾರ ಎಂದು ತೀರ್ಮಾನಿಸಲು ನಾವ್ಯಾರು? ತಾಯಿಗಾಗಿ ಅಳಲು ಅವನಿಗೆ ನಮ್ಮ ಪರವಾನಗಿ ಬೇಕಿತ್ತೇ? ಮರುಕ ಅಂದುಕೊಂಡೆವು. ನಿಜ ಹೇಳಬೇಕೆಂದರೆ, ಆ ಸುದ್ದಿ ಹೇಳುವ ಧೈರ್ಯ ನಮ್ಮಲ್ಲೇ ಇರಲಿಲ್ಲ.

ತಾರೀಖು ಬರೆದು ಕಳಿಸಿದೆ. ತಪ್ಪಾಯಿತು ಅಂದೆ. ಅರ್ಧ ಗಂಟೆಗೆ ಇನ್ನೊಂದು ಮೆಸೇಜು.

"ಮೊದಲಿನ ಕಾಗದ ಎಲ್ಲಾ ನನ್ನ ಪೆಟಗ್ಯಾಗ ಇಟ್ಟೀನಿ ಸರ. ಅವು ಅವ್ವ ಹೇಳಿದ್ದಾ, ನೀವೇ ಬರದಿದ್ದಾ?"

ಅಷ್ಟೂ ನಾಗಮ್ಮನ ಮಾತೇ. ಆದರೆ ಅದಕ್ಕೆ ಸಾಕ್ಷಿ ನಾನೊಬ್ಬನೇ. ನನ್ನನ್ನು ಅವನು ಯಾಕೆ ನಂಬಬೇಕು?