ಹಲ್ಲುಜ್ಜದೆ ಬನ್ನಿ

ನನ್ನ ತಮ್ಮನ ಮಗಳು ದಂತ ವೈದ್ಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯುವ ಪ್ರತಿಕಾಯ ತಯಾರಿಸುವುದು ಅವಳ ಕೆಲಸ. ಸತ್ತ ಬ್ಯಾಕ್ಟೀರಿಯಾವನ್ನು ಕೋಳಿಗೆ ಲಸಿಕೆಯಂತೆ ಚುಚ್ಚುತ್ತಾರೆ. ಕೋಳಿಯ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ, ಅದು ಮೊಟ್ಟೆಯ ಹಳದಿಗೂ ಇಳಿಯುತ್ತದೆ. ಹಳದಿಯಿಂದ ಬೇರ್ಪಡಿಸಿದ ಪ್ರತಿಕಾಯವನ್ನು ಕಾಗದದ ಪಟ್ಟಿಗೆ ಹಚ್ಚಿದರೆ, ಬ್ಯಾಕ್ಟೀರಿಯಾ ಇರುವ ಎಂಜಲು ತಾಕಿದಾಗ ಕೆಂಪು ಗೆರೆ ಮೂಡಬೇಕು. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಪಟ್ಟಿಯಂಥದ್ದೇ.

ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ಗೆರೆ ಮೂಡಿತ್ತು. ಜನರ ಬಾಯಿಯದಕ್ಕೂ ಮೂಡುತ್ತದೆಯೇ ಎಂಬುದು ಉಳಿದಿತ್ತು. ಮೂಡದಿದ್ದರೆ ಕೋಳಿಯಿಂದಲೇ ಮತ್ತೆ ಶುರುಮಾಡಬೇಕು ಎಂದು ಅವಳ ಗೈಡ್ ಹೇಳಿದ್ದರು. ಒಂದು ಶನಿವಾರ ಐಸ್ ಡಬ್ಬಿ ಹಿಡಿದು ತಿಪಟೂರಿನಿಂದ ಬಸ್ಸಿನಲ್ಲಿ ಶೆಟ್ಟಿಕೆರೆ ಬಳಿಯ ನಮ್ಮ ಮನೆಗೆ ಬಂದಳು.

ಹೊಸಿಲಲ್ಲೇ ನನ್ನ ತಾಯಿ ತಡೆದರು.

"ಡಬ್ಬೀಲಿ ಏನವ್ವ?"

"ಹಲ್ಲಿನ ಹುಳ ಪತ್ತೆ ಮಾಡೋ ಔಷ್ದಿ ಇದ್ದಂಗೆ ಅಜ್ಜಿ."

"ಏನಿಂದ ಮಾಡಿದ್ದು?"

ಹುಡುಗಿ ಸುಳ್ಳು ಹೇಳಲಿಲ್ಲ. "ಮೊಟ್ಟೆಯಿಂದ."

ನಮ್ಮದು ಲಿಂಗ ಕಟ್ಟಿದ ಮನೆ. "ಹಂಗಾರೆ ಕೊಬ್ಬರಿ ಮನೇಲಿ ಮಡಿಕ್ಕೊ. ನೀನು ಕೈಕಾಲು ತೊಳ್ಕಂಡು ಒಳೀಕ್ ಬಾ" ಎಂದರು.

ಸಂಜೆ ನಾನೂ ಅವಳೂ ಊರಿನ ಮನೆಗಳನ್ನು ಸುತ್ತಿದೆವು. ಎಂಜಲು ಯಾಕೆ ಬೇಕು ಎಂದು ಅವಳು ವಿವರಿಸಿದಳು, ಒಪ್ಪಿದವರಿಗೆ ಒಂದೇ ಮಾತು ಹೇಳಿದಳು: "ನಾಳೆ ಎದ್ದ ತಕ್ಷಣ ಬನ್ನಿ. ಹಲ್ಲುಜ್ಜಬೇಡಿ, ಏನೂ ತಿನ್ನಬೇಡಿ." ಎಲ್ಲರೂ ತಲೆಯಾಡಿಸಿದರು. "ಅದ್ಕೇನವ್ವ, ಬತ್ತೀವಿ ಬುಡು."

ಬೆಳಿಗ್ಗೆ ಹೇಳಿದಂತೆ ಕೊಬ್ಬರಿ ಮನೆಗೆ ಬಂದರು. ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಕಾಯಿಗಳ ರಾಶಿ, ಕೆಳಗೆ ಒಂದು ಮೇಜು. ಹತ್ತು ಜನರೆದುರು ಉಗುಳುವುದು ಹೇಗೆಂದು ಒಬ್ಬೊಬ್ಬರೂ ಗೋಡೆಯ ಕಡೆ ತಿರುಗಿ ಸಣ್ಣ ಕೊಳವೆಗೆ ಉಗುಳಿ ಕೊಟ್ಟರು. ಮೊದಲ ಪಟ್ಟಿಯಲ್ಲಿ ಗೆರೆ ಮೂಡಲಿಲ್ಲ. ಎರಡನೆಯದರಲ್ಲೂ ಇಲ್ಲ. ಪಕ್ಕದ ತೋಟದ ಯಜಮಾನರ ದವಡೆ ಹಲ್ಲು ದೂರಕ್ಕೇ ಕಪ್ಪಾಗಿ ಕಾಣುತ್ತದೆ. ಅವರದಕ್ಕೂ ಮೂಡದಿದ್ದಾಗ ಹುಡುಗಿ ಪಟ್ಟಿ ಕೆಳಗಿಟ್ಟಳು.

"ದೊಡ್ಡಪ್ಪ, ಇದು ಬಾಯಲ್ಲಿರೋದನ್ನ ಹಿಡೀತಿಲ್ಲ" ಎಂದಳು ಮೆಲ್ಲಗೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಯಜಮಾನರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಬೇವಿನ ಕಡ್ಡಿಯ ನಾರು.

"ಅಣ್ಣ, ಹಲ್ಲುಜ್ಜಿದ್ರಾ?"

"ಉಜ್ಜದೆ ಇರ್ತಾರೇನಪ್ಪ? ಉಪ್ಪೂ ಹಾಕ್ಕಂಡು ಎರಡು ಸಲ ಉಜ್ಜಿವ್ನಿ."

"ಉಜ್ಜಬೇಡಿ ಅಂದಿದ್ನಲ್ಲ ತಾತ" ಎಂದಳು ಹುಡುಗಿ.

"ಅಂದೆ ಕಣವ್ವ. ನಿನ್ನೆ ನಮ್ಮನೇಗೆ ಬಂದಾಗ ಕಾಫಿ ಬ್ಯಾಡ ಅಂತ್ಲೂ ಅಂದೆ. ಅಂಗಂತ ನಮ್ಮನೇಳು ಕಾಸದೆ ಬುಟ್ಲಾ?"

ವಿಚಾರಿಸಿದರೆ ಎಲ್ಲರೂ ಉಜ್ಜಿಕೊಂಡೇ ಬಂದಿದ್ದರು. ಬಾಯಿ ತೊಳೆಯದೆ ಇನ್ನೊಬ್ಬರ ಮನೆ ಬಾಗಿಲಿಗೆ ಬರುವುದು ನಮ್ಮ ಕಡೆ ಆಗದ ಮಾತು. ಓದಿದ ಹುಡುಗಿ ನಮಗೆ ತೊಂದರೆ ಬೇಡವೆಂದು ಮರ್ಯಾದೆಗೆ ಹೇಳಿದ್ದಾಳೆ, ಮರ್ಯಾದೆಗೇ ನಾವು ಸ್ವಲ್ಪ ಹೆಚ್ಚು ಉಜ್ಜಬೇಕು ಎಂದುಕೊಂಡಿದ್ದರು.

ಹುಡುಗಿ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗೈಡ್‌ಗೆ ಫೋನ್ ಮಾಡಿ ಇನ್ನೊಂದು ದಿನ ಕೇಳಿಕೊಂಡಳು. ಪಟ್ಟಿಗಳು ಇನ್ನೂ ಸಾಕಷ್ಟು ಉಳಿದಿದ್ದವು. ಸಂಜೆ ಮತ್ತೆ ಮನೆಮನೆಗೆ ಹೋಗಿ ಮುಚ್ಚಳದ ಕೊಳವೆ ಕೊಟ್ಟಳು. "ಎದ್ದ ಕೂಡಲೇ ಹಾಸಿಗೆ ಮೇಲೇ ಇದಕ್ಕೆ ಉಗುಳಿ ಮುಚ್ಚಿಬಿಡಿ. ಆಮೇಲೆ ಹಲ್ಲುಜ್ಜಿ, ಪೂಜೆ ಮುಗಿಸಿ, ನಿಧಾನಕ್ಕೆ ತಂದುಕೊಡಿ."

ಸೋಮವಾರ ಕೊಳವೆಗಳು ಬಂದವು. ಯಾರ ಕಣ್ಣಿಗೂ ಬೀಳದ ಹಾಗೆ ಕೆಲವು ಮುತ್ತುಗದ ಎಲೆಯಲ್ಲಿ, ಕೆಲವು ಹಳೇ ಪೇಪರಿನಲ್ಲಿ, ಒಂದು ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡಿದ್ದವು. ಯಜಮಾನರದನ್ನೇ ಮೊದಲು ತೆಗೆದುಕೊಂಡಳು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಮೊದಲು ಮಸುಕಾಗಿ, ಆಮೇಲೆ ದಾಳಿಂಬೆ ಕಾಳಿನ ಕೆಂಪಿಗೆ ಗೆರೆ ಎದ್ದಿತು. ಹುಡುಗಿ ಕೂಡಲೇ ಮುಂದಿನ ಪಟ್ಟಿ ತೆಗೆದುಕೊಂಡಳು. ಅದರಲ್ಲೂ ಗೆರೆ. ಕೆಲವು ಗಾಢ, ಕೆಲವು ತೆಳು, ಒಂದೆರಡರಲ್ಲಿ ಮಾತ್ರ ಇಲ್ಲ.

ಇಲ್ಲದವರಲ್ಲಿ ಒಬ್ಬಾಕೆ ಸಪ್ಪಗಾದರು. "ನಂದು ಫೇಲೇನವ್ವ?"

"ಇಲ್ಲ ಅಂದ್ರೇನೆ ಒಳ್ಳೇದು ಕಣಮ್ಮ" ಎಂದು ಹುಡುಗಿ ಬಿಡಿಸಿ ಹೇಳಿದಳು. ಆಕೆ ನಂಬಿದಂತೆ ಕಾಣಲಿಲ್ಲ. ಯಜಮಾನರಂತೂ ತಮ್ಮ ಪಟ್ಟಿಯನ್ನು ಗೆಳೆಯನಿಗೆ ತೋರಿಸುತ್ತಿದ್ದರು.

"ನೋಡ್ಲಾ, ಎಂಗೆ ಎದ್ದೈತೆ ನಂದು."

"ಊರಿನ್ ಹುಳ ಎಲ್ಲಾ ನೀನೇ ಸಾಕ್ಕಂಡಿದ್ದೀಯ ಕಣ್ಲಾ" ಎಂದ ಗೆಳೆಯ.

ಹುಡುಗಿ ಗೈಡ್‌ಗೆ ಫೋನ್ ಹಚ್ಚಿ, "ಬಾಯಲ್ಲೂ ಹಿಡೀತಿದೆ ಸರ್" ಎಂದಳು. ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ, ಅವಳ ಮುಖ ನೋಡಿದರೆ ಸಾಕಾಗಿತ್ತು.

"ನನ್ ಗೆರೇನ ಕಾಲೇಜಲ್ಲಿ ತೋರಿಸ್ತೀಯೇನವ್ವ?" ಎಂದು ಯಜಮಾನರು ಕೇಳಿದರು.

"ಗೆರೆ ನಾನು ತೋರಿಸ್ತೀನಿ ತಾತ. ಹಲ್ಲು ನೀವೇ ಬಂದು ತೋರಿಸ್ಬೇಕು."

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಹತ್ತಿಸಲು ಹೋದಾಗ ಯಜಮಾನರು ಒಗೆದ ಪಂಚೆ ಉಟ್ಟು ಆಗಲೇ ಸೀಟು ಹಿಡಿದು ಕುಳಿತಿದ್ದರು.