ಸೋಮವಾರದ ಮೆತ್ತನೆ ರೊಟ್ಟಿ

ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಚುಂಯ್ ಎಂದು ಹಬೆ ಏಳುತ್ತದಲ್ಲ, ಆ ಹಬೆಗೆ ಒಂದು ವಾಸನೆ ಇದೆ. ಹಸಿ ಹಿಟ್ಟಿನದೂ ಅಲ್ಲ, ಸುಟ್ಟ ಹಿಟ್ಟಿನದೂ ಅಲ್ಲ, ಎರಡರ ನಡುವಿನದು. ಈಗ ನಾನಿರುವ ಓಣಿಯ ತುದಿಯಲ್ಲಿ ಒಬ್ಬಾಕೆ ರೊಟ್ಟಿ ಮಾಡಿ ಮಾರುತ್ತಾರೆ. ಕೆಲಸ ಮುಗಿಸಿ ಬರುವಾಗ ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಕಣ್ಣು ಮುಚ್ಚುವುದೇ ಬೇಡ, ಬೈಲಹೊಂಗಲದ ನಮ್ಮ ಹಳೆಯ ಮನೆಯ ಅಡುಗೆಮನೆ ಹೊಸ್ತಿಲ ಮೇಲೆ ಕುಳಿತುಬಿಟ್ಟಿರುತ್ತೇನೆ. ಒಳಗೆ ಅವ್ವ ತಪ ತಪ ರೊಟ್ಟಿ ಬಡಿಯುತ್ತಿರುತ್ತಾಳೆ, ಮತ್ತು ಆ ದಿನ ಯಾವಾಗಲೂ ರವಿವಾರವೇ ಆಗಿರುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ ಬಿಡಿ. ಅದರ ಹಿಂದಿನ ಮನೆ ಮಾತ್ರ ಈಗ ಇರಲಿಕ್ಕಿಲ್ಲ.

ತೊಂಬತ್ತರ ದಶಕದ ಮಾತು. ನಮ್ಮದು ಬೆಳಗಾದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡುವ ಮನೆ. ಅಪ್ಪ ಪೇಟೆಯ ಕಾಳಿನ ಅಡತಿ ಅಂಗಡಿಗೆ, ಕಾಕಾ ನೀರಿನ ಪಂಪು ರಿಪೇರಿಗೆಂದು ಮುನವಳ್ಳಿ ಕಡೆಗೆ, ಅಣ್ಣ ಮತ್ತು ನಾನು ಶಾಲೆಗೆ. ನಮ್ಮೆಲ್ಲರಿಗಿಂತ ಮೊದಲು ಅವ್ವ ನೇಸರಗಿ ಬಸ್ಸು ಹಿಡಿಯಬೇಕು, ಅಲ್ಲಿನ ಶಾಲೆಯಲ್ಲಿ ಅವಳು ಮಕ್ಕಳಿಗೆ ಕಲಿಸುವ ಅಕ್ಕೋರು. ಮನೆಯಲ್ಲಿ ಉಳಿಯುತ್ತಿದ್ದವಳು ಆಯಿ ಒಬ್ಬಳೇ, ಅಪ್ಪನ ತಾಯಿ. ಮಂಡಿ ನೋವಿನ ಆಯಿ ಪಡಸಾಲೆಯ ಹೊರಸಿನ ಮೇಲೆ ಕುಳಿತೇ ಇಡೀ ಮನೆಯನ್ನು ಆಳುತ್ತಿದ್ದಳು. ಅವ್ವನಿಗೆ ನೌಕರಿಯ ಆದೇಶ ಬಂದ ದಿನ ಎಲ್ಲರೆದುರು ಅವಳು ಹೇಳಿದ ಮಾತು ನಮ್ಮ ಮನೆಯಲ್ಲಿ ಕಾಯ್ದೆ ಇದ್ದ ಹಾಗೆ. "ಮಾಡ್ವಾ ಶಾಂತಾ, ನೌಕರಿ ಮಾಡು. ನಾ ಒಲ್ಲೆ ಅನ್ನಂಗಿಲ್ಲ. ಆದ್ರ ನನ್ನ ಮಕ್ಕಳು ಮೊಮ್ಮಕ್ಕಳು ಬುತ್ತಿ ಇಲ್ದ ಹೊಸ್ತಿಲ ದಾಟಿದ ದಿನ ನಿನ್ನ ನೌಕರಿ ಮುಗೀತು ಅಂತ ತಿಳ್ಕೋ." ಅವ್ವ ಸೆರಗು ಸಿಕ್ಕಿಸಿಕೊಂಡು "ಹೂನ್ರಿ ಅತ್ತಿ" ಅಂದಳಂತೆ.

ಆ "ಹೂನ್ರಿ"ಯ ಭಾರವೆಲ್ಲ ರವಿವಾರದ ಮೇಲೆ ಬೀಳುತ್ತಿತ್ತು. ಊರೆಲ್ಲ ಊಟ ಮಾಡಿ ಅಡ್ಡಾಗುವ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ವಾರದ ಬುತ್ತಿಯ ಏರ್ಪಾಡು ನಡೆಯುತ್ತಿತ್ತು. ಮಡಕಿಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗು ಹಾಕಿದ್ದರೆ ಅದು ಮೊಳಕೆಯೊಡೆದು ಮಂಗಳವಾರಕ್ಕೆ ಸರಿ. ಕಡಲೆಹಿಟ್ಟಿನ ಝುಣಕದ ವಡಿ ಬುಧವಾರಕ್ಕೆ. ಬದನೆಕಾಯಿ ಬೇಗ ಬಾಡುತ್ತದೆ, ಅದು ಮೊದಲೇ ಖರ್ಚಾಗಬೇಕು. ವಾರದ ಕೊನೆಗೆ ಕೈಯಲ್ಲಿ ಏನೂ ಉಳಿಯದಿದ್ದರೆ ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ ಇದ್ದೇ ಇವೆ. ಪುಡಿ ಮಾಡಿ ಭರಣಿಗೆ ತುಂಬಿದರೆ ಅವಕ್ಕೆ ಸಾವಿಲ್ಲ. ಆದರೆ ಇವೆಲ್ಲ ಬರೀ ನೆಂಚಿಕೊಳ್ಳುವ ಮಾತು. ಬುತ್ತಿಯ ಜೀವ ಇದ್ದದ್ದು ಕಟಕ ರೊಟ್ಟಿಯಲ್ಲಿ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಸುತ್ತ ಒರಗಿಸಿ ನೀರಿನಂಶ ಆರಿಸಿ, ಆಮೇಲೆ ಅಂಗಳದ ಹೊರಸಿನ ಮೇಲೆ ಹರವಿ ಪೂರ್ತಿ ತಣ್ಣಗಾಗಲು ಬಿಡಬೇಕು. ಮುರಿದರೆ ಹಪ್ಪಳದಂತೆ ಕಟ್ ಅನ್ನಬೇಕು. ಆಗ ಅದನ್ನು ಬುಟ್ಟಿಯಲ್ಲಿ ಪೇರಿಸಿ ಬಟ್ಟೆ ಮುಚ್ಚಿಟ್ಟರೆ ವಾರವಿಡೀ ಚಿಂತೆಯಿಲ್ಲ. ಬಿಸಿ ಇರುವಾಗಲೇ ಮುಚ್ಚಿದಿರೋ, ಕೆಟ್ಟಿತು! ರೊಟ್ಟಿ ಒಳಗೊಳಗೇ ಬೆವೆತು ಮೆತ್ತಗಾಗಿ, ಒಂದೆರಡು ದಿನಕ್ಕೇ ಬೂಸ್ಟು ಹಿಡಿಯುತ್ತದೆ.

ಶಾಲೆ ಶುರುವಾದ ಹೊಸದರಲ್ಲಿ ಒಂದು ರವಿವಾರ ಅವ್ವ ಇನ್ನೂ ಬಿಸಿ ಇದ್ದ ರೊಟ್ಟಿಯನ್ನೆಲ್ಲ ಅಂಗಳದಲ್ಲಿ ಹರವಿ, ನನ್ನನ್ನು ಕರೆದುಕೊಂಡು ಖಾರ ಕುಟ್ಟಿಸಲು ಗಿರಣಿಗೆ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಗಿರಣಿಯಲ್ಲಿ ಖಾರದ ಘಾಟಿಗೆ ಸೀನುತ್ತಾ ನಿಂತಿದ್ದೆವು, ಅಷ್ಟರಲ್ಲಿ ಎಲ್ಲಿತ್ತೋ ಏನೋ, ಧೋ ಎಂದು ಮಳೆ ಬಂತು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು "ಅಯ್ಯ ನನ್ನ ರೊಟ್ಟಿ" ಅಂದಳು. ಖಾರದ ಡಬ್ಬಿಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಇಬ್ಬರೂ ಓಡಿದೆವು. ಮನೆಗೆ ಬಂದು ನೋಡಿದರೆ ಅಂಗಳದ ಹೊರಸು ಖಾಲಿ. ರೊಟ್ಟಿಯ ಬುಟ್ಟಿ ಒಳಗೆ ತನ್ನ ಜಾಗದಲ್ಲಿ ಕುಳಿತಿದೆ, ಅದರ ಮೇಲೆ ಆಯಿಯ ಹಳೇ ಇಳಕಲ್ಲ ಸೀರೆಯ ತುಂಡು ಸುತ್ತಿ ಗಟ್ಟಿಯಾಗಿ ಗಂಟು ಹಾಕಿದೆ. ಆಯಿ ತಲೆ ಒರೆಸಿಕೊಳ್ಳುತ್ತಾ ಪಡಸಾಲೆಯಲ್ಲಿ ಏನೂ ಆಗದವಳ ಹಾಗೆ ಕುಳಿತಿದ್ದಳು. ಅವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಬುಟ್ಟಿ ಬಿಚ್ಚಿ ನೋಡುವ ಯೋಚನೆ ಆ ಸಂಭ್ರಮದಲ್ಲಿ ಯಾರಿಗೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಅವ್ವ ಗಂಟು ಬಿಚ್ಚಿದಳು. ಮೊದಲ ರೊಟ್ಟಿ ಮುರಿಯಲು ಹೋದರೆ ಕಟ್ ಅನ್ನಲಿಲ್ಲ, ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಎರಡನೆಯದೂ ಹಾಗೇ. ಬುಟ್ಟಿಯ ತಳದವರೆಗೆ ಕೈ ಹಾಕಿ ನೋಡಿದಳು, ಎಲ್ಲವೂ ಹಾಗೇ, ಒಂದೂ ಬುತ್ತಿಗೆ ಕಟ್ಟುವಂತಿರಲಿಲ್ಲ. ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಕಾಕಾ ಇಣುಕಿ ನೋಡಿ, "ವೈನಿ, ಇದೇನ್ರಿ, ರೊಟ್ಟಿನೋ ಚಪಾತಿನೋ?" ಎಂದು ನಕ್ಕ. ಅಪ್ಪ ನಗಲಿಲ್ಲ. ಒಂದು ಸಲ ಪಡಸಾಲೆಯ ಕಡೆ ನೋಡಿ, "ಬಿಸಿ ಇದ್ದಾಗ ಮುಚ್ಚಿಟ್ಟಿಯೇನು?" ಎಂದು ಮೆಲ್ಲಗೆ ಕೇಳಿದ. ನನ್ನ ಬಾಯಿಯಲ್ಲಿ "ಆಯಿ" ಎಂಬ ಹೆಸರು ಬಂದೇಬಿಟ್ಟಿತ್ತು, ಅವ್ವ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಈಗಲೂ ಉರಿದಂತಾಗುತ್ತದೆ. "ಹೂಂ, ನನ್ನ ಕೈಲೇ ಆತು. ಗಡಬಡಿಯೊಳಗ ಲಕ್ಷ್ಯ ಉಳೀಲಿಲ್ಲ" ಅಂದಳು. ನನಗೆ ಅಳು ಬಂತು. ಅವ್ವ ಇನ್ನು ನೇಸರಗಿಗೆ ಹೋಗುವುದಿಲ್ಲ ಎಂದೇ ನಾನು ತಿಳಿದೆ.

ಆಯಿ ಬಾಗಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ ಬಂದು! ಅವ್ವನ ಮುಖ ನೋಡಿದಳು, ಬುಟ್ಟಿ ನೋಡಿದಳು, ಪಕ್ಕದಲ್ಲಿ ಬಿದ್ದಿದ್ದ ತನ್ನ ಸೀರೆಯ ತುಂಡನ್ನೂ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಬಂದು, ಆ ಮನೆಯಲ್ಲಿ ನಾನು ಕಂಡಂತೆ ಮೊದಲ ಸಲ ಒಲೆಯ ಮುಂದೆ ಕುಳಿತಳು. "ಉಳ್ಳಾಗಡ್ಡಿ ಹೆಚ್ಚು. ಬಳ್ಳೊಳ್ಳಿ ಜಜ್ಜು. ಹಿಂಗ ಮಕಾ ನೋಡ್ಕೋತ ನಿಂತ್ರ ಬಸ್ ನಿಲ್ತೈತೇನು?" ಎಂದು ಗದರಿದಳು. ಮೆತ್ತಗಾದ ರೊಟ್ಟಿಯನ್ನು ಮುರಿದು ಚೂರು ಮಾಡಿ, ಎಣ್ಣೆಗೆ ಸಾಸಿವೆ ಸಿಡಿಸಿ, ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಕೆಂಪು ಖಾರ, ಅರಿಸಿನ ಹಾಕಿ, ಮೇಲೆ ನೀರು ಚಿಮುಕಿಸಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ರೊಟ್ಟಿಯ ಒಗ್ಗರಣೆ ಮಾಡಿದಳು. ಎಲ್ಲರ ಡಬ್ಬಿ ತುಂಬಿತು. ಅವ್ವನ ಡಬ್ಬಿಯನ್ನು ಆಯಿಯೇ ಮುಚ್ಚಿ ಅವಳ ಚೀಲಕ್ಕೆ ತುರುಕಿ "ಓಡು" ಅಂದಳು. ನಾವು ಸಂಜೆ ಬರುವಷ್ಟರಲ್ಲಿ ಉಳಿದ ರೊಟ್ಟಿಯನ್ನೆಲ್ಲ ಮತ್ತೆ ಹಂಚಿಗೆ ಹಾಕಿ ಕಟಕ ಮಾಡಿ ಪೇರಿಸಿಟ್ಟಿದ್ದಳು. ನೌಕರಿಯ ಕಾಯ್ದೆಯ ಮಾತು ಅವಳ ಬಾಯಿಂದ ಮತ್ತೆಂದೂ ಬರಲಿಲ್ಲ. ಅಂದಿನಿಂದ ಸೋಮವಾರದ ಬುತ್ತಿ ಆಯಿಯದು. ಬೇಕೆಂದೇ ಒಂದಿಷ್ಟು ರೊಟ್ಟಿಯನ್ನು ಬಿಸಿ ಇರುವಾಗ ಕಟ್ಟಿಡಿಸಿ, ಸೋಮವಾರ ಒಗ್ಗರಣೆ ಕೊಡುತ್ತಿದ್ದಳು. ಕಾಕಾ ಮುನವಳ್ಳಿಯಲ್ಲಿ ಅದನ್ನು ಯಾರಿಗೂ ಒಂದು ತುತ್ತು ಕೊಡುತ್ತಿರಲಿಲ್ಲವಂತೆ, ಜಿಪುಣ.

ಆಯಿ ಹಾಸಿಗೆ ಹಿಡಿದದ್ದು ಬಹಳ ವರ್ಷಗಳ ನಂತರ, ನಾನು ಕಾಲೇಜು ಮುಗಿಸುತ್ತಿದ್ದಾಗ. ಒಂದು ಮಧ್ಯಾಹ್ನ ಅವ್ವ ಅವಳಿಗೆ ಹಾಲಿನಲ್ಲಿ ರೊಟ್ಟಿ ಹಿಚುಕಿ ತಿನ್ನಿಸುತ್ತಿದ್ದಳು. ಆಯಿ ನಡುವೆ ಕೈ ಹಿಡಿದು ನಿಲ್ಲಿಸಿದಳು. "ಶಾಂತಾ, ಅವತ್ತ ನೀ ನನ್ನ ಹೆಸರು ಹೇಳಿದ್ದಿ ಅಂದ್ರ ನಾ ಹಟಕ್ಕ ಬಿದ್ದು ನಿನ್ನ ನೌಕರಿ ಬಿಡಸ್ತಿದ್ನೆವ್ವಾ. ಯಾಕ ಹೇಳಲಿಲ್ಲ?" ಅವ್ವ ಸೆರಗಿನಿಂದ ಅವಳ ಬಾಯಿ ಒರೆಸಿದಳು. "ಹ್ಯಾಂಗ ಹೇಳ್ಲಿರಿ ಅತ್ತಿ? ಆ ಮಂಡಿ ನೋವಿನಾಗ ಮಳ್ಯಾಗ ಓಡಿ ಹೋಗಿ ಎತ್ತಿಟ್ಟಿದ್ರಿ ನೀವು. ನನ್ನ ನೌಕರಿ ಉಳೀಲಿ ಅಂತನ ಅಲ್ಲ?" ಆಯಿ ಬಾಯಿ ತೆರೆದು ಮುಂದಿನ ತುತ್ತು ಕೇಳಿದಳು.

ಈಗ ಆಯಿ ಇಲ್ಲ, ಅವ್ವನೂ ಇಲ್ಲ. ಆ ಅಡುಗೆಮನೆ ಇದ್ದ ಕಡೆ ರಸ್ತೆ ಅಗಲವಾಗಿ ಬಸ್ಸುಗಳು ಓಡಾಡುತ್ತವೆ. ನಾನೂ ನೌಕರಿ ಮಾಡುತ್ತೇನೆ, ರವಿವಾರ ನಾನೂ ವಾರದ ಬುತ್ತಿಯ ತಯಾರಿಗೆ ಕೂರುತ್ತೇನೆ. ಓಣಿಯ ತುದಿಯ ಆಕೆಯ ಹತ್ತಿರ ರೊಟ್ಟಿ ಕೊಳ್ಳುವಾಗ ಒಂದಿಷ್ಟನ್ನು ಹಂಚಿನಿಂದ ಇಳಿದ ಕೂಡಲೇ ಬಟ್ಟೆಯಲ್ಲಿ ಸುತ್ತಿ ಗಟ್ಟಿಯಾಗಿ ಗಂಟು ಹಾಕುತ್ತೇನೆ. ಆಕೆಗೆ ಇದು ನೋಡಲಾಗುವುದಿಲ್ಲ. "ಅಯ್ಯ ಯಕ್ಕಾ, ಆರಾಕ ಬಿಡ್ರಿ, ಮೆತ್ತಗ ಆಗಿಬಿಡ್ತಾವ" ಎಂದು ಪ್ರತಿ ಸಲವೂ ಹೇಳುತ್ತಾರೆ.

"ಆಗ್ಲಿ ಬಿಡವ್ವಾ" ಅನ್ನುತ್ತೇನೆ, "ನಾಳೆ ಸೋಮವಾರ."